ಕೊಡಲಿಕ್ಕೆಂದು ಮಾಡಿದ ಕರ್ಚಿಕಾಯಿ

ಹೋದ ಬೇಸಿಗೆಯಲ್ಲಿ ಕೊಪ್ಪಳದ ಒಂದು ಮದುವೆ ಮುಗಿಸಿಕೊಂಡು ಹೊಸಪೇಟೆಯ ಕಡೆ ಹೊರಟಿದ್ದೆವು. ಹಿಟ್ನಾಳದ ಹತ್ತಿರ ರಸ್ತೆಯ ಬದಿಗೆ ಹೆಂಗಸರು ಮಾವಿನ ಹಣ್ಣಿನ ಬುಟ್ಟಿ ಮುಂದಿಟ್ಟುಕೊಂಡು ಕುಳಿತಿದ್ದರು. ಮಗ ಕಾರು ನಿಲ್ಲಿಸಿದ. ಬಾಗಿಲು ತೆಗೆದ ಕೂಡಲೇ ಬಿಸಿಲಿಗೆ ಮೆತ್ತಗಾದ ಹಣ್ಣಿನ ವಾಸನೆ ಒಳಗೆ ನುಗ್ಗಿತು. ಸೊಸೆ ಚೌಕಾಸಿ ಮಾಡಿ ಒಂದು ಬುಟ್ಟಿ ಪೂರ್ತಿ ಕೊಂಡಳು. "ಅತ್ತಿ, ಇದರ ರಸ ತಗದು ಫ್ರೀಜರ್‌ನ್ಯಾಗ ಇಟ್ರ ದೀಪಾವಳಿಗೂ ಸೀಕರಣಿ ಮಾಡಬಹುದು ನೋಡ್ರಿ" ಎಂದಳು. "ನಾ ಇರೂತನಕ ಮಾವಿನ ಹಣ್ಣು ಫ್ರಿಜ್ಜಿನ್ಯಾಗ ಇಡೂದು ಬ್ಯಾಡ" ಎಂದುಬಿಟ್ಟೆ. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. ಪಾಪ, ಅವಳು ಹೊಸಪೇಟೆ ಬರುವ ತನಕ ಬುಟ್ಟಿಯನ್ನು ಮಡಿಲಿನಿಂದ ಇಳಿಸಲಿಲ್ಲ.

ನಾನು ಜೋರುಬಾಯಿಯ ಅತ್ತೆ ಏನಲ್ಲ. ಆದರೆ ಆ ವಾಸನೆಯ ಜೊತೆಗೆ ಗಂಗಾವತಿಯ ಒಂದು ಬೇಸಿಗೆ, ಅದರ ಬೆನ್ನಿಗೆ ಬಂದ ಮಳೆಗಾಲ ಎದ್ದು ಬರುತ್ತವೆ. ಆಗ ನಡೆದದ್ದರಲ್ಲಿ ನನ್ನ ತಪ್ಪು ಏನೂ ಇಲ್ಲ ಎಂದು ನನ್ನ ಗಂಡ ಅಂದೂ ಹೇಳಿದರು, ಈಗಲೂ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿದರೆ ಅದು ನಿಜವೇ. ಆದರೂ ಒಳಗೆ ಕುಳಿತ ಕಳವಳ ಲೆಕ್ಕಕ್ಕೆ ಬಗ್ಗುವುದಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳವು. ನನ್ನವರು ಬ್ಯಾಂಕಿನಲ್ಲಿದ್ದರು. ಧಾರವಾಡದಿಂದ ಗಂಗಾವತಿಗೆ ವರ್ಗವಾಯಿತು. ಕಾಲುವೆಯ ನೀರು ಬಂದು ಊರು ಬೆಳೆದುಬಿಟ್ಟಿತ್ತು. ಎತ್ತ ನೋಡಿದರೂ ಅಕ್ಕಿ ಗಿರಣಿ, ಗಾಳಿಯಲ್ಲಿ ಭತ್ತದ ತೌಡು, ಅಂಗಡಿಯಲ್ಲಿ ಅರ್ಧ ಕನ್ನಡ ಅರ್ಧ ತೆಲುಗು. ಬಿಸಿಲು ಮಾತ್ರ ಧಾರವಾಡದವಳಾದ ನನ್ನನ್ನು ಹುರಿದು ಹಾಕಿತು. ಅದನ್ನು ನೋಡಲಾರದೆ ನನ್ನಪ್ಪ ಒಂದು ಫ್ರಿಜ್ಜು ಕೊಡಿಸಿ ಲಾರಿಯಲ್ಲಿ ಕಳಿಸಿದರು. ನಮ್ಮ ಓಣಿಗೆ ಅದೇ ಮೊದಲನೆಯದು. ಒಂದೇ ಬಾಗಿಲು, ಒಳಗೆ ಮೇಲ್ಗಡೆ ಮಂಜುಗಟ್ಟುವ ಪುಟ್ಟ ಗೂಡು. ಅದು ಬಂದ ದಿನದಿಂದ ಓಣಿಯ ಮಕ್ಕಳಿಗೆಲ್ಲ ಬರ್ಫದ ತುಂಡು ಹಂಚುವ ಕೆಲಸ ನನ್ನದಾಯಿತು.

ಗೌರಮ್ಮನವರ ಮನೆ ನಮ್ಮದಕ್ಕೆ ಗೋಡೆಗೆ ಗೋಡೆ. ಐವತ್ತು ದಾಟಿದ ಹೆಂಗಸು, ದಪ್ಪ ಕುಂಕುಮ, ಮಾತಿಗಿಂತ ಮೊದಲು ನಗು. ಕಾಲುವೆಯ ಕೆಳಗೆ ಒಂದಿಷ್ಟು ಗದ್ದೆ ಇತ್ತು, ಗಂಡ ಮಲ್ಲಪ್ಪನವರು ಅದರಲ್ಲೇ ಇರುತ್ತಿದ್ದರು. ಒಬ್ಬಳೇ ಮಗಳು ಶಾಂತಾ, ಅವಳನ್ನು ಕುಷ್ಟಗಿಗೆ ಕೊಟ್ಟಿದ್ದರು. ನನಗಿಂತ ಎಷ್ಟೋ ದೊಡ್ಡವರಾದರೂ ಬ್ಯಾಂಕಿನವರ ಹೆಂಡತಿ ಎಂದು ನನ್ನನ್ನು "ಅಕ್ಕಾರ" ಎನ್ನುತ್ತಿದ್ದರು. ಫ್ರಿಜ್ಜನ್ನು ಕಂಡರೆ ಅವರಿಗೆ ಮೊದಲು ಆಗುತ್ತಿರಲಿಲ್ಲ. "ಅದರಾಗ ಇಟ್ಟದ್ದೆಲ್ಲಾ ತಂಗಳನ ಅಲ್ರಿ? ಥಂಡಿ ಪೆಟ್ಟಿಗ್ಯಾಗ ಇಟ್ರೇನು, ಬಂಗಾರದ ಪೆಟ್ಟಿಗ್ಯಾಗ ಇಟ್ರೇನು" ಎಂದು ನಗುತ್ತಿದ್ದರು. ಆಮೇಲೆ ದಿನಾ ಮಧ್ಯಾಹ್ನ ಅದೇ ಪೆಟ್ಟಿಗೆಯ ನೀರು ಕುಡಿಯಲಿಕ್ಕೆ ಬರತೊಡಗಿದರು.

ಆ ವರ್ಷ ಯುಗಾದಿಯ ಸುಮಾರಿಗೆ ಶಾಂತಾ ಬಸುರಿ ಎಂಬ ಸುದ್ದಿ ಬಂತು. ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಗೌರಮ್ಮ ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದರು: ಮೊಮ್ಮಗುವನ್ನು ಮಡಿಲಲ್ಲಿ ತಗೊಳ್ಳುವ ತನಕ ಮಾವಿನ ಹಣ್ಣು ಬಾಯಿಗೆ ಹಾಕುವುದಿಲ್ಲ ಎಂದು. ಮಾವೆಂದರೆ ಅವರಿಗೆ ಜೀವ. ಅವರ ತವರು ಕನಕಗಿರಿಯ ಕಡೆ. ಅಲ್ಲಿಯ ಹೊಲದ ಬದುವಿನ ಗಿಡದ ಹಣ್ಣು ವರ್ಷವರ್ಷವೂ ಬುಟ್ಟಿಗಟ್ಟಲೆ ಬರುತ್ತಿತ್ತು. ಅವರು ಅದನ್ನು ಓಣಿಗೆಲ್ಲ ಹಂಚಿ ತಾವು ಬರಿಗೈ ಮೂಸಿಕೊಂಡು ಕುಳಿತಿರುತ್ತಿದ್ದರು.

ಈಗ ಅವರ ತಲೆಯಲ್ಲಿ ಒಂದು ಹೊಸ ಹುಳು ಹೊಕ್ಕಿತು. ಶಾಂತಾಳಿಗೆ ಬಯಕೆಯೆಂದರೆ ಮಾವಿನ ಹಣ್ಣಿನದೇ. ಅವಳ ಸೀಮಂತದ ಕುಬಸ ಬರುವುದು ಏಳನೆಯ ತಿಂಗಳಿಗೆ, ಅಂದರೆ ಮಳೆಗಾಲ ಮುಗಿಯುವ ಹೊತ್ತಿಗೆ. ಆಗ ಎಲ್ಲಿಯ ಮಾವು?

"ಅಕ್ಕಾರ, ಹಸೀ ಕರ್ಚಿಕಾಯಿ ಮಾಡಿ ನಿಮ್ಮ ಪೆಟ್ಟಿಗ್ಯಾಗ ಇಟ್ರ ಕುಬಸದ ತನಕ ಕೆಡಂಗಿಲ್ಲೇನ್ರಿ?" ಎಂದು ಒಂದು ದಿನ ಕೇಳಿದರು. "ಒಳಗ ಮಾವಿನ ಹಣ್ಣಿನ ಹೂರಣ ತುಂಬೂದು. ಕುಬಸದ ದಿನ ಕರಿಯೂದು. ಮಗಳ ಉಡಿಯೊಳಗ ಹಾಕಿ, ಬಂದ ಮುತ್ತೈದಿಯರಿಗೆ ಒಂದೊಂದು ಕೊಡೂದು. ಹಣ್ಣಿಲ್ಲದ ಕಾಲದಾಗ ಹಣ್ಣು ತಿನಿಸ್ಯಾಳ ಗೌರಮ್ಮ ಅಂತ ಕುಷ್ಟಗಿ ಮಂದಿ ವರ್ಷಾನುಗಟ್ಲೆ ಮಾತಾಡಬೇಕು ನೋಡ್ರಿ."

ನನಗೂ ಹುರುಪು ಬಂತು. ಹಗಲೆಲ್ಲ ಬೇಸರ ಬಡಿದುಕೊಂಡು ಕೂತಿದ್ದವಳಿಗೆ ಕೆಲಸ ಸಿಕ್ಕಿತ್ತು.

ಮೊದಲ ಸಲ ಎಲ್ಲ ಎಡವಟ್ಟಾಯಿತು. ಹಣ್ಣಿನ ರಸಕ್ಕೆ ಬೆಲ್ಲ ಹಾಕಿ ಬತ್ತಿಸಿ, ಕಣಕದೊಳಗೆ ತುಂಬಿ, ಗೂಡಿನಲ್ಲಿಟ್ಟೆವು. ಕೆಲವು ದಿನ ಬಿಟ್ಟು ತೆಗೆದು, ಕರಗಲಿ ಎಂದು ತಟ್ಟೆಯಲ್ಲಿ ಹರಡಿಟ್ಟೆವು. ಅವು ಬೆವರಿ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡವು. ಎಣ್ಣೆಗೆ ಬಿಟ್ಟರೆ ಹೊಟ್ಟೆಯೊಡೆದು ಹೂರಣವೆಲ್ಲ ಹೊರಗೆ ಬಂದು ಬಾಣಲೆ ಕಪ್ಪಾಯಿತು. ಗೌರಮ್ಮ ಸೋಲುವ ಹೆಂಗಸಲ್ಲ. ಎರಡನೆಯ ಸಲ ರಸವನ್ನು ತಳ ಬಿಡುವ ತನಕ ಕಾಸಿದರು, ಮೇಲೆ ಪುಟಾಣಿ ಕಡಲೆಯ ಹಿಟ್ಟು, ಒಣಕೊಬ್ಬರಿ ಬೆರೆಸಿ ಗಟ್ಟಿ ಮಾಡಿದರು. ಕಣಕಕ್ಕೆ ರವೆ ಹೆಚ್ಚು ಹಾಕಿ ಬಿಗಿಯಾಗಿ ನಾದಿದರು. ಒಂದೊಂದನ್ನೂ ಒಣ ಹಿಟ್ಟಿನಲ್ಲಿ ಹೊರಳಿಸಿ, ಬಿಡಿಬಿಡಿಯಾಗಿ ತಟ್ಟೆಯಲ್ಲಿಟ್ಟು ಕಲ್ಲಾದ ಮೇಲೆ ಡಬ್ಬಿಗೆ ತುಂಬಿದೆವು. ಕರಿಯುವಾಗ ಕರಗಲು ಬಿಡದೆ ಸೀದಾ ಎಣ್ಣೆಗೆ, ಉರಿ ಸಣ್ಣ. ಈ ಸಲ ಒಂದೂ ಬಾಯಿ ಬಿಡಲಿಲ್ಲ. ಮುರಿದರೆ ಒಳಗೆ ಕೆಂಪಗೆ, ಹೊಳೆಯುವ ಹೂರಣ, ಸುಡುಸುಡುವ ಹಣ್ಣಿನ ವಾಸನೆ.

ರುಚಿ ನೋಡುವುದು ನನ್ನ ಪಾಲಿಗೆ ಬಂತು. ಬೆರಳಿಗೆ ಹತ್ತಿದ ಹೂರಣವನ್ನೂ ಅವರು ನೆಕ್ಕುತ್ತಿರಲಿಲ್ಲ, ಸೆರಗಿಗೂ ಒರೆಸದೆ ಎದ್ದು ಹೋಗಿ ತೊಳೆದುಕೊಂಡು ಬರುತ್ತಿದ್ದರು. "ಹುಳಿ ಎಷ್ಟೈತಿ? ಬೆಲ್ಲ ಸಾಕೇನ್ರಿ?" ಎಂದು ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದರು. ನಾನು ಬೇಕೆಂದೇ ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ ಸತಾಯಿಸುತ್ತಿದ್ದೆ. "ತಿಳೀವಲ್ದು, ಇನ್ನೊಂದು ಕೊಡ್ರಿ" ಎನ್ನುತ್ತಿದ್ದೆ. ಅವರು ನಕ್ಕು ಇನ್ನೊಂದು ಕೊಡುತ್ತಿದ್ದರು. ಆ ನಗು ಈಗ ನೆನಪಾದರೆ ಊಟ ರುಚಿಸುವುದಿಲ್ಲ.

ಗೂಡು ಚಿಕ್ಕದು, ಅದರಲ್ಲಿ ಹಿಡಿಯುವುದೇ ಅಷ್ಟು. ಅವರ ದೊಡ್ಡ ಡಬ್ಬಿ ಒಂದು ತುಂಬಿತು. ಬರ್ಫ ಕೇಳಿಕೊಂಡು ಬಂದ ಮಕ್ಕಳಿಗೆ "ಈ ವರ್ಷ ಜಾಗಾ ಇಲ್ಲ" ಎಂದೆವು. ಗಂಗಾವತಿಯಲ್ಲಿ ಆಗ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಕರೆಂಟು ಹೋದದ್ದೇ ಗೌರಮ್ಮ ಕೌದಿ ಹೊತ್ತುಕೊಂಡು ಓಡಿ ಬರುತ್ತಿದ್ದರು. ಫ್ರಿಜ್ಜಿಗೆ ಕೌದಿ ಹೊದಿಸಿ, ಮೇಲೊಂದು ಹಗ್ಗ ಬಿಗಿದು, ಮಗ್ಗುಲಿಗೆ ಕುಳಿತು ಬೀಸಣಿಗೆಯಿಂದ ತಮಗೆ ಗಾಳಿ ಹಾಕಿಕೊಳ್ಳುತ್ತಿದ್ದರು. ನಾನು ಬಿದ್ದು ಬಿದ್ದು ನಕ್ಕೆ. "ಕೌದಿ ಹೊಚ್ಚಿದ್ರ ಬಿಸಿ ಆಗೂದಿಲ್ಲೇನ್ರಿ?" ಎಂದೆ. "ಒಳಗಿನ ಥಂಡಿ ಹೊರಗ ಹೋಗಬಾರದಲ್ರಿ" ಎಂದರು. ನನ್ನವರು ಬ್ಯಾಂಕಿನಿಂದ ಬಂದು ನೋಡಿ, ಅದು ಸರಿಯಾದ ಮಾತೇ ಎಂದು ಹೇಳಿದಾಗ ನಾನು ಬಾಯಿ ಮುಚ್ಚಿಕೊಂಡೆ.

ಮಿರಗದ ಮಳೆ ಸುರುವಾಗುವ ಹೊತ್ತಿಗೆ ನನ್ನವರ ಮೇಲಧಿಕಾರಿಗಳು ಸಂಸಾರ ಸಮೇತ ನಮ್ಮಲ್ಲಿಗೆ ಊಟಕ್ಕೆ ಬರುವುದೆಂದಾಯಿತು. ಏನು ಸಿಹಿ ಮಾಡಲಿ ಎಂದು ನಾನು ಒದ್ದಾಡುತ್ತಿದ್ದೆ. ಗೌರಮ್ಮನೇ ಬಂದು ಡಬ್ಬಿ ತೆಗೆದರು. "ಇವನ್ನ ಕರೀರಿ."

"ಬ್ಯಾಡ್ರಿ. ಶಾಂತಾನ ಕುಬಸಕ್ಕ ಇಟ್ಟದ್ದು."

"ಅಕ್ಕಾರ, ನಾ ಮಾಡಿದ್ದ ಕೊಡಾಕ. ಯಾರು ತಿಂದ್ರೇನು? ಕಡಿಮಿ ಬಿದ್ರ ಕುಬಸದಾಗ ಒಂದರಾಗ ಎರಡು ಮಾಡಿ ಹಂಚೋಣ. ಮುಂದಿನ ವರ್ಷ ಗಿಡ ಕಾಯಿ ಬಿಡಂಗಿಲ್ಲೇನು? ನಾವಂತೂ ಎಲ್ಲೂ ಹೋಗಂಗಿಲ್ಲ."

ಕರಿದೆ. ಸಾಹೇಬರು ಹೊಗಳಿ ತಿಂದರು. ಅವರ ಹೆಂಡತಿ "ಎಣ್ಣೆ ಪದಾರ್ಥ ನನಗಾಗಲ್ಲ" ಎಂದು ಅರ್ಧ ಕಚ್ಚಿ ಅರ್ಧ ಎಲೆಯಲ್ಲೇ ಬಿಟ್ಟರು. ಆ ಅರ್ಧವನ್ನು ಎಲೆಯ ಜೊತೆ ಮುದುಡಿ ಹಿತ್ತಲಿಗೆ ಎಸೆದವಳು ನಾನೇ. ಆಗ ಅದು ಎಂಜಲು, ಅಷ್ಟೇ.

ಅಲ್ಲಿಗೆ ನಿಂತಿದ್ದರೂ ಆಗುತ್ತಿತ್ತು. ಡಬ್ಬಿಯ ಬಾಯಿ ಒಮ್ಮೆ ತೆರೆದ ಮೇಲೆ ಭಿಡೆ ಹೋಯಿತು. ಮಳೆ ಹಿಡಿದ ಒಂದು ಸಂಜೆ ನನ್ನ ಮಗ ಹಟ ಮಾಡಿದ. ಗೋಡೆಯ ಆಚೆಯಿಂದಲೇ ಗೌರಮ್ಮ "ಕೂಸಿಗೆ ಅಳಸ್ತೀರಿ ಯಾಕ, ಕರದು ಕೊಡ್ರಿ" ಎಂದರು. ಇನ್ನೊಂದು ಸಲ ಧಾರವಾಡದಿಂದ ನನ್ನ ತಂಗಿ ಬಂದಳು. ಮತ್ತೊಂದು ಸಲ ಯಾರೂ ಬರಲಿಲ್ಲ, ನನಗೇ ಆಸೆಯಾಯಿತು. ಪ್ರತಿ ಸಲವೂ ಕೇಳಿದೆ, ಪ್ರತಿ ಸಲವೂ ಅವರು ಹೂಂ ಎಂದರು. ಕದ್ದು ತಿಂದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಈಗ ಅನಿಸುತ್ತದೆ. ಕಳ್ಳತನಕ್ಕೆ ಕ್ಷಮೆಯನ್ನಾದರೂ ಕೇಳಬಹುದು.

ಕಾಲುವೆಗೆ ನೀರು ಬಿಟ್ಟರು. ಊರಿನ ಸುತ್ತ ನಾಟಿ ಸುರುವಾಯಿತು. ಗೌರಮ್ಮ ಆಳುಗಳ ಜೊತೆ ಗದ್ದೆಗೆ ಹೋಗಿ ಬಂದವರು ಜ್ವರ ಹಿಡಿದು ಮಲಗಿದರು. ಮೊದಲು ಕಷಾಯ, ಆಮೇಲೆ ಗುಳಿಗೆ, ಆಮೇಲೆ ಸೂಜಿ. ನಾನು ಹೋಗಿ ಹಣೆಗೆ ತಣ್ಣೀರಿನ ಪಟ್ಟಿ ಹಾಕುತ್ತಿದ್ದೆ. ನೀರಿನಲ್ಲಿ ಹಾಕಲಿಕ್ಕೆ ಬರ್ಫ ಬೇಕು. ಗೂಡಿನಲ್ಲಿ ಡಬ್ಬಿ ಕುಳಿತಿದ್ದರಿಂದ ಬರ್ಫ ಕಟ್ಟಲು ಜಾಗವಿರಲಿಲ್ಲ. ಡಬ್ಬಿ ತೆಗೆಯುತ್ತೇನೆ ಎಂದರೆ ಆ ಜ್ವರದಲ್ಲೂ ಕೈ ಹಿಡಿದು "ಅದನ್ನ ಅಲ್ಲಾಡಿಸಬ್ಯಾಡ್ರಿ" ಎಂದರು. ಜ್ವರ ತಲೆಗೇರಿತು. ಬಳ್ಳಾರಿಗೆ ಒಯ್ಯಬೇಕೆಂದು ಜೀಪು ತಂದರು. ಜೀಪು ಅರ್ಧ ದಾರಿಯಿಂದಲೇ ತಿರುಗಿ ಬಂತು.

ಶಾಂತಾ ಆರು ತಿಂಗಳ ಬಸುರಿ. ಅವಳಿಗೆ ಹೆಣದ ಮುಖ ತೋರಿಸಬಾರದು ಎಂದು ಹಿರಿಯರು ತೀರ್ಮಾನ ಮಾಡಿದರು. ಎಲ್ಲ ಮುಗಿದ ಮೇಲೆ ಕುಷ್ಟಗಿಗೆ ಸುದ್ದಿ ಕಳಿಸಿ, ದಿನಗಳು ಕಳೆದ ನಂತರ ಕರೆಸಿಕೊಂಡರು. ಅವಳು ಬಂದು ತಾಯಿಯ ಹಾಸಿಗೆಯ ಮೂಲೆಯಲ್ಲಿ ಕುಳಿತಳು, ಅಳಲೂ ಇಲ್ಲ. ಮನೆಯ ಯಜಮಾನಿಕೆಯನ್ನು ಮಲ್ಲಪ್ಪನವರ ಅಕ್ಕ ಬಸಮ್ಮ ವಹಿಸಿಕೊಂಡಿದ್ದರು. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಕರಿಯುವ ಬಾಣಲೆ ಇಡುವ ಹಾಗಿಲ್ಲ. ಹಬ್ಬದ ದಿನವೂ ನೆರೆಯವರು, ಬೀಗರು ಏನು ತಂದು ಕೊಡುತ್ತಾರೋ ಅಷ್ಟೇ. ಶಾಂತಾಳ ಕುಬಸವನ್ನು ಕುಷ್ಟಗಿಯಲ್ಲೇ ನಾಲ್ಕು ಜನರನ್ನು ಕರೆದು ಶಾಸ್ತ್ರಕ್ಕೆ ಮುಗಿಸುವುದೆಂದಾಯಿತು.

ಆ ದಿನಗಳಲ್ಲಿ ನಾನು ಫ್ರಿಜ್ಜಿನ ಬಾಗಿಲು ತೆಗೆಯಲು ಹೆದರುತ್ತಿದ್ದೆ. ಕೊನೆಗೆ ಧೈರ್ಯ ಮಾಡಿ ಡಬ್ಬಿ ತೆಗೆದು ನೋಡಿದೆ. ತಳದಲ್ಲಿ ಒಂದು ಹಿಡಿಯಷ್ಟು ಉಳಿದಿದ್ದವು. ಅಂಚಿನುದ್ದಕ್ಕೂ ಗೌರಮ್ಮ ಬೆರಳಿನಿಂದ ಚಿವುಟಿ ಚಿವುಟಿ ಹೆಣೆದದ್ದು ಹಾಗೇ ಇತ್ತು. ನನ್ನವರು "ಅವರ ಮನಿ ಪದಾರ್ಥ, ಅವರಿಗೆ ಮುಟ್ಟಿಸು" ಎಂದರು.

ಡಬ್ಬಿ ಸೆರಗಿನಲ್ಲಿ ಸುತ್ತಿಕೊಂಡು ಹೋದೆ. ಪಡಸಾಲೆಯಲ್ಲಿ ಬಸಮ್ಮ ಒಬ್ಬರೇ ಅಕ್ಕಿ ಆರಿಸುತ್ತಿದ್ದರು. ವಿಷಯ ಹೇಳಿದೆ. ಅವರ ಕೈ ನಿಂತಿತು.

"ಇದನ್ನ ಬಸರಿಗೆ ತೋರಿಸಬ್ಯಾಡ್ರಿ ಅಕ್ಕಾರ" ಎಂದರು ಮೆಲ್ಲಗೆ. "ಹ್ವಾದಾಕಿ ಕೈಲೆ ಮಾಡಿದ್ದು. ಆಕಿ ಜೀವ ಇದರಾಗ ಇಟ್ಟಿದ್ಲು. ಬಸರಿ ತಿಂದ್ರ ಹೊಟ್ಯಾಗಿನ ಕೂಸಿನ್ನ ಬೆನ್ನು ಹತ್ತೂದಿಲ್ಲೇನು? ಎಷ್ಟು ವರ್ಷಕ್ಕ ಒಂದು ಫಲ ನಿಂತೈತಿ. ಕಾಲುವ್ಯಾಗ ಬಿಟ್ಟುಬಿಡ್ರಿ, ನಿಮ್ಮ ಪಾದಕ್ಕ ಬೀಳ್ತೇನಿ."

ಆ ಹೆಂಗಸಿನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು, ನಿಜವಾದ ಹೆದರಿಕೆ ಇತ್ತು. ಹೂಂ ಎಂದು ಎದ್ದು ಬಂದೆ. ಕಾಲುವೆಗೆ ಹೋಗಲು ಮಾತ್ರ ಕಾಲು ಬರಲಿಲ್ಲ. ಡಬ್ಬಿ ಮತ್ತೆ ಗೂಡು ಸೇರಿತು.

ಶಾಂತಾ ಕುಷ್ಟಗಿಗೆ ಹೊರಡುವ ದಿನ, ಮಧ್ಯಾಹ್ನ, ಹಿತ್ತಲ ಬಾಗಿಲು ಸಪ್ಪಳವಾಯಿತು. ತೆಗೆದರೆ ಅವಳೇ. ಹೊಟ್ಟೆ ಎದ್ದು ಕಾಣುತ್ತಿತ್ತು, ಮುಖ ಮಾತ್ರ ಬತ್ತಿ ಹೋಗಿತ್ತು.

"ಬಸಮ್ಮತ್ತಿ ಮಲಗ್ಯಾಳ್ರಿ" ಎಂದಳು. "ಮುಂದ ಬಂದಾಗ ಮಾವಿನ ಕರ್ಚಿಕಾಯಿ ತಿನ್ನಿಸ್ತೇನಿ ಅಂತ ಅವ್ವ ಹೇಳಿದ್ಲು. ನಿಮ್ಮ ಥಂಡಿ ಪೆಟ್ಟಿಗ್ಯಾಗ ಇಟ್ಟಾಳಂತಲ್ರಿ."

ಬಸಮ್ಮನವರ ಮಾತು ಕಿವಿಯಲ್ಲಿತ್ತು. ಮೂಢನಂಬಿಕೆ ಎಂದು ತೆಗೆದುಹಾಕುವಷ್ಟು ಓದಿದವಳು ನಾನು. ಆದರೂ ಆ ಹೊಟ್ಟೆಯನ್ನು ಎದುರಿಗೆ ನೋಡುವಾಗ ಓದಿದ್ದೆಲ್ಲ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. "ನಿಮ್ಮ ಅತ್ತಿಯವರು ಬ್ಯಾಡ ಅಂದಾರವ್ವಾ" ಎಂದೆ.

"ಅವ್ವನ ಮಾರಿನೂ ತೋರಿಸಲಿಲ್ರಿ ನನಗ" ಎಂದಳು ಶಾಂತಾ. "ಇದೂ ಬ್ಯಾಡಂದ್ರ ನನಗ ಅಂತ ಏನುಳೀತ್ರಿ?"

ನಾನು ಸ್ಟೋವ್ ಹಚ್ಚಿದೆ. ಮುಂದೆ ಅವಳಿಗೆ ಹೆಣ್ಣುಕೂಸು ಚೆನ್ನಾಗಿಯೇ ಹುಟ್ಟಿತು, ಈಗ ಅದಕ್ಕೂ ಮಕ್ಕಳಿವೆ ಎಂದು ಕೇಳಿದ್ದೇನೆ. ಆದರೆ ಬಾಣಲೆಯ ಮುಂದೆ ನಿಂತ ಆ ಹೊತ್ತಿನಲ್ಲಿ ಅದು ನನಗೆ ಹೇಗೆ ಗೊತ್ತಿರಬೇಕು? ಉರಿ ಸಣ್ಣ ಮಾಡಿದೆ. ಕಲ್ಲಿನಂತಿದ್ದವನ್ನು ಒಂದೊಂದಾಗಿ ಎಣ್ಣೆಯ ಅಂಚಿನಿಂದ ಜಾರಿಸಿದೆ. ಒಂದೂ ಒಡೆಯಲಿಲ್ಲ. ಹಣ್ಣಿನ ವಾಸನೆ ಅಡಿಗೆಮನೆ ತುಂಬಿದಾಗ, ಗೋಡೆಯ ಆಚೆ ಬಸಮ್ಮನವರಿಗೆ ಎಚ್ಚರವಾದೀತೆಂದು ಕಿಟಕಿ ಮುಚ್ಚಿದೆ.

ಶಾಂತಾ ಗೋಡೆಗೆ ಒರಗಿ, ಕಾಲು ಚಾಚಿ ನೆಲದ ಮೇಲೆ ಕುಳಿತಿದ್ದಳು. ತಟ್ಟೆ ಮುಂದಿಟ್ಟೆ. ಮೊದಲನೆಯದನ್ನು ಆರಲು ಬಿಡದೆ ಬಾಯಿ ಸುಟ್ಟುಕೊಂಡು ತಿಂದಳು. ಎರಡನೆಯದನ್ನು ತಿನ್ನುವಾಗ ಕಣ್ಣಿನಿಂದ ನೀರು ಇಳಿಯತೊಡಗಿತು. ಒರೆಸಿಕೊಳ್ಳಲಿಲ್ಲ, ತಿನ್ನುವುದನ್ನೂ ನಿಲ್ಲಿಸಲಿಲ್ಲ. ತಾಯಿ ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲಂತೆ. ಕೊನೆಯದನ್ನು ಎರಡು ಮಾಡಿ ನನ್ನ ಕಡೆ ಒಂದು ಹೋಳು ಚಾಚಿದಳು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಅದನ್ನೂ ತಿಂದಳು.

ಆಮೇಲೆ ತಲೆಯೆತ್ತಿ, ಸಣ್ಣ ಹುಡುಗಿಯ ಹಾಗೆ, "ಇನ್ನದಾವೇನ್ರಿ ಅಕ್ಕಾರ?" ಎಂದು ಕೇಳಿದಳು.

ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆಗೆದೆ. ಗೂಡಿನೊಳಗೆ ಕೈ ಹಾಕಿ ಹಿಂದಿನ ಗೋಡೆಯ ತನಕ ತಡಕಾಡಿದೆ. ಬರೀ ಮಂಜು ಬೆರಳಿಗೆ ಹತ್ತಿತು. ಅಲ್ಲೇ ಅವಳಿಗೆ ಬೆನ್ನು ಮಾಡಿ ಎಷ್ಟು ಹೊತ್ತು ನಿಂತೆನೋ ತಿಳಿಯದು. ಕೊನೆಗೆ ತಿರುಗಲೇಬೇಕಾಯಿತು.

"ಇಲ್ಲವ್ವಾ" ಎಂದೆ. "ಭಾಳ ಇದ್ದವು. ನಾವು ತಿಂದ್ವಿ."

ಶಾಂತಾ ತಟ್ಟೆಯಲ್ಲಿ ಉದುರಿದ್ದ ಪುಡಿಯನ್ನು ಬೆರಳಿಗೆ ಅಂಟಿಸಿಕೊಂಡು, ಒಂದು ಕಣವನ್ನೂ ಬಿಡದೆ, ಅದಷ್ಟನ್ನೂ ತಿಂದಳು.